ಹುಣಸೆಹಣ್ಣಿನಲ್ಲಿ ತೊಳೆದ ನಳಿಗೆಗಳು

ಹಿತ್ತಾಳೆ ನಳಿಗೆಯ ಮೇಲೆ ಕತ್ತಿಯ ಗೆರೆ ಪೂರ್ತಿ ಸುತ್ತು ಬಂದಿತ್ತು. ಇನ್ನು ನಾಲ್ಕೈದು ಸಲ ತಿರುಗಿಸಿದರೆ ತುಂಡು ಬಿಡುತ್ತಿತ್ತು. ಅಷ್ಟರಲ್ಲಿ ಗೋಡೆಯ ಆಚೆ ನಮ್ಮ ಮಾಲೀಕ ವಿನಯ್ ಕುಮಾರ್ ಫೋನಿನಲ್ಲಿ ಮಾತಾಡುತ್ತಿದ್ದದ್ದು ಕಿವಿಗೆ ಬಿತ್ತು.

“ದುರ್ಗಾಂಬಿಕಾನಾ ಸರ್? ಒಳ್ಳೆ ಹುಡುಗಿ, ಅದಕ್ಕೇನೂ ಅನ್ನಂಗಿಲ್ಲ. ಆದ್ರೆ ಕೈಯಾಗೆ ಹಿಡಿತ ಇಲ್ಲ. ಇನ್ನೊಬ್ರಿಗೆ ಕಲಿಸಾಕೆ ಆಗೋ ಕೈ ಅಲ್ಲ ಅದು.”

ಗೆರೆ ತನ್ನ ದಾರಿ ಬಿಟ್ಟು ತಿರುಪಿನ ಹಾಗೆ ಓರೆಯಾಗಿ ಓಡಿತು. ನಳಿಗೆ ಕೆಟ್ಟಿತು. ಆ ವರ್ಷ ಕತ್ತರಿಸುವಾಗ ನಾನು ಕೆಡಿಸಿದ್ದು ಅದೊಂದೇ.

ನಾವು ಮಾಡುವ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಅಂಗೈ ಮೇಲೆ ಕೂರುವ ಕಾರುಗಳಿವೆಯಲ್ಲ, ನಿಜವಾದ ಕಾರನ್ನು ಇಪ್ಪತ್ತನಾಲ್ಕು ಪಾಲು ಮಾಡಿ ಒಂದು ಪಾಲಿನಷ್ಟಕ್ಕೆ ಇಳಿಸಿದ ಮಾದರಿ ಕಾರುಗಳು, ಅವಕ್ಕೆ ಬೇಕಾದ ಸಣ್ಣ ನಳಿಗೆಗಳನ್ನು ಕತ್ತರಿಸಿ ನಯ ಮಾಡುತ್ತೇವೆ. ಹೊಗೆ ಕೊಳವೆಗೆ ಅಲ್ಯೂಮಿನಿಯಂ, ಗಾಲಿಯ ಕಡ್ಡಿ ತಿರುಗುವ ಜಾಗಕ್ಕೆ ಹಿತ್ತಾಳೆ. ಮಕ್ಕಳಿಗೆ ಇರಬೇಕು ಎಂದು ನಾನು ತಿಳಿದಿದ್ದೆ. ಅಲ್ಲವಂತೆ, ದೊಡ್ಡವರೇ ಕೊಂಡು ಜೋಡಿಸಿ ಗಾಜಿನ ಕಪಾಟಿನಲ್ಲಿ ಇಡುತ್ತಾರಂತೆ. ನನ್ನ ಜೊತೆ ಕೂರುವ ಪ್ರೇಮಮ್ಮ ಅವಕ್ಕೆ ಗಡ್ಡ ಬಂದೋರ ಗಾಡಿ ಎಂದೇ ಹೆಸರಿಟ್ಟಿದ್ದಾಳೆ.

ಚನ್ನಗಿರಿಯಲ್ಲಿ ಬಸವರಾಜಪ್ಪನವರ ಹಳೆಯ ಗೋದಾಮೇ ನಮ್ಮ ಕಾರ್ಖಾನೆ. ಅವರಿದ್ದಾಗ ಅದೇ ಗೋದಾಮಿನಲ್ಲಿ ನಾನು ಮೂವತ್ತು ವರ್ಷ ಅಡಿಕೆ ಸುಲಿದಿದ್ದೇನೆ. ಅವರು ಹೋದ ಮೇಲೆ ಮಗ ವಿನಯ್ ಕುಮಾರ್ ಅಡಿಕೆ ಬಿಟ್ಟು ಈ ಕೆಲಸ ಹಿಡಿದ. ಪುಣೆಯ ಒಂದು ಕಂಪನಿಗೆ ನಳಿಗೆ ಕಳಿಸುತ್ತಾನೆ. ಮೊದಲು ಎಲ್ಲರಿಗೂ ಒಂದೊಂದು ಬ್ಲೇಡು ತಂದುಕೊಟ್ಟ. ನಳಿಗೆ ಕೆಳಗಿಟ್ಟು ಬ್ಲೇಡನ್ನು ಮೇಲಿಂದ ಒತ್ತಬೇಕು ಎಂದ. ಒತ್ತಿದರೆ ನಳಿಗೆಯ ಬಾಯಿ ಸೊಟ್ಟಗಾಗುತ್ತಿತ್ತು. ನಾನು ಮನೆಗೆ ಹೋಗಿ ನನ್ನ ಮೆಟ್ಟುಗತ್ತಿ ತಂದೆ. ಮಣೆಗೆ ನೆಟ್ಟ ಕತ್ತಿ, ಅಲುಗಾಡುವುದಿಲ್ಲ. ಅಡಿಕೆ ಸುಲಿಯುವಾಗ ಕಾಯಿಯನ್ನೇ ಅದಕ್ಕೆ ತಿರುಗಿಸಿ ಕೊಡುತ್ತೇವಲ್ಲ, ಹಾಗೆ ನಳಿಗೆಯ ಒಳಗೆ ಉಕ್ಕಿನ ತಂತಿ ತೂರಿಸಿ ಬೆರಳ ತುದಿಯಲ್ಲಿ ತಿರುಗಿಸಿ ಕೊಟ್ಟೆ. ಒತ್ತಲೇ ಇಲ್ಲ. ಕತ್ತರಿಸಿದ ಬಾಯಿ ದುಂಡಗೆ, ನೇರವಾಗಿ ಬಂತು. ಅಂದಿನಿಂದ ಎಲ್ಲರದೂ ಮೆಟ್ಟುಗತ್ತಿಯೇ.

ಕತ್ತರಿಸುವುದು ನನ್ನ ಕೆಲಸವಾದರೆ ಬಾಯಿ ಬಿಡಿಸುವುದು ದುರ್ಗಾಂಬಿಕಾಳ ಕೆಲಸ. ಕತ್ತರಿಸಿದ ಅಂಚಿನಲ್ಲಿ ಕಣ್ಣಿಗೆ ಕಾಣದ ಸಿಬಿರು ಉಳಿಯುತ್ತದೆ, ನಾವು ಅದಕ್ಕೆ ಮುಳ್ಳು ಅನ್ನುತ್ತೇವೆ. ಅವಳು ಗಾಜಿನ ಮೇಲೆ ಮರಳುಕಾಗದ ಹಾಸಿ ಅಂಚನ್ನು ಎಂಟು ಸುತ್ತು ಉಜ್ಜುತ್ತಿದ್ದಳು. ಆಮೇಲೆ ಸೂಜಿಯಂಥ ಬೈರಿಗೆಯನ್ನು ಬೆರಳಲ್ಲೇ ಹಿಡಿದು ಒಳಬಾಯಿಗೆ ಮೂರು ಸುತ್ತು ಕೊಡುತ್ತಿದ್ದಳು. ಕೊನೆಗೆ ತಂತಿ ತೂರಿಸಿ ನಳಿಗೆಯನ್ನು ಸ್ವಲ್ಪ ಓರೆ ಮಾಡುವಳು. ತಂತಿ ತಾನಾಗಿ ಜಾರಿ ಬಿದ್ದರೆ ಪಾಸು. ಒಂಚೂರು ತಡೆದರೂ ಮತ್ತೆ ಮೊದಲಿಂದ. ಬಿಳಿಚೋಡಿನ ಹುಡುಗಿ, ಇಪ್ಪತ್ತಾರು ವಯಸ್ಸು, ಇಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಕೆಲಸಕ್ಕೆ ಬರುತ್ತಿದ್ದಳು. ಅಂಥ ಕೈ ನಾನು ಎಲ್ಲೂ ನೋಡಿಲ್ಲ.

ಕಳೆದ ಆಯುಧಪೂಜೆಯ ಹಿಂದಿನ ದಿನ ಪುಣೆಗೆ ಹೋಗಬೇಕಾದ ಆರುನೂರು ಹಿತ್ತಾಳೆ ನಳಿಗೆ ಮುಗಿದಿದ್ದವು. ಕೊನೆಯ ನೂರಕ್ಕೆ ತಂತಿ ಜಾರಿದ್ದನ್ನು ನಾನೇ ಪಕ್ಕದಲ್ಲಿ ಕೂತು ನೋಡಿದ್ದೆ, ಒಂದೂ ತಡೆಯಲಿಲ್ಲ. ಸಂಜೆ ಅವಳು ಹೋದಳು. ನಾವು ಉಳಿದವರು ಕತ್ತಿ, ಅರ, ಮಣೆ ಎಲ್ಲ ತೊಳೆದೆವು. ಬೆಳಿಗ್ಗೆ ಅವಕ್ಕೆ ವಿಭೂತಿ ಹಚ್ಚಿ, ಮಾಡಿದ ಮಾಲನ್ನೂ ಮುಂದಿಟ್ಟು ಪೂಜೆ ಮಾಡುವುದು ಬಸವರಾಜಪ್ಪನವರ ಕಾಲದಿಂದ ಬಂದ ಪದ್ಧತಿ. ಆಗೆಲ್ಲ ಅಡಿಕೆ ಮೂಟೆ ಇಡುತ್ತಿದ್ದೆವು, ಈಗ ನಳಿಗೆಯ ತಟ್ಟೆ. ಆ ತಟ್ಟೆ ನೋಡಿದೆ. ಎಲ್ಲರ ಬೆರಳ ಗುರುತಿನಿಂದ ಹಿತ್ತಾಳೆ ಮಂಕಾಗಿತ್ತು. ದೇವರ ಮುಂದೆ ಮಂಕು ಹಿತ್ತಾಳೆ ಇಡುವುದೇ ಎಂದು ಹುಣಸೆಹಣ್ಣು ನೆನೆಹಾಕಿ, ಉಪ್ಪು ಸೇರಿಸಿ, ದೀಪ ತಿಕ್ಕುವ ಹಾಗೆ ಅಷ್ಟನ್ನೂ ತಿಕ್ಕಿದೆ. ಎರಡು ನೀರಿನಲ್ಲಿ ಜಾಲಿಸಿ ಬಟ್ಟೆ ಮೇಲೆ ಹರವಿದೆ. ಬೆಳಿಗ್ಗೆ ಚಿನ್ನದ ಹಾಗೆ ಹೊಳೆಯುತ್ತಿದ್ದವು. ವಿನಯ್ ಕುಮಾರ್ ಫೋಟೋ ಹಿಡಿದು ಊರೆಲ್ಲ ಕಳಿಸಿದ. ಎರಡು ದಿನಕ್ಕೆ ಡಬ್ಬಿ ಪುಣೆಗೆ ಹೋಯಿತು.

ಡಿಸೆಂಬರಿನಲ್ಲಿ ಡಬ್ಬಿ ವಾಪಸು ಬಂತು. ಜೊತೆಗೆ ಆರು ಜೋಡಿಸಿದ ಕಾರು. ಒಂದರ ಗಾಲಿಯೂ ತಿರುಗುತ್ತಿರಲಿಲ್ಲ. ವಿನಯ್ ಕುಮಾರ್ ನಮ್ಮನ್ನೆಲ್ಲ ನಿಲ್ಲಿಸಿ, ಬಾಯಿಯ ಮುಳ್ಳು ಸರಿಯಾಗಿ ತೆಗೆದಿಲ್ಲ, ಗಾಲಿಯ ಕಡ್ಡಿ ಸಿಕ್ಕಿಕೊಂಡಿದೆ ಎಂದ. ದುರ್ಗಾಂಬಿಕಾ ಒಂದು ನಳಿಗೆ ತೆಗೆದು ಬೆಳಕಿಗೆ ಹಿಡಿದು ನೋಡಿ, ಬಾಯಲ್ಲಿ ಮುಳ್ಳಿಲ್ಲ, ಒಳಗೆ ಏನೋ ಕಟ್ಟಿಕೊಂಡಿದೆ ಎಂದಳು. ಅವನು ನಳಿಗೆಯನ್ನು ಅವಳ ಕೈಯಿಂದ ತೆಗೆದುಕೊಂಡ. ನಾಳೆಯಿಂದ ಬರುವುದು ಬೇಡ ಎಂದು ಎಲ್ಲರ ಮುಂದೆಯೇ ಹೇಳಿದ. ಅವಳು ಬೈರಿಗೆಯನ್ನು ಒರೆಸಿ, ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿ ಹೋದಳು. ನಮ್ಮಲ್ಲಿ ಯಾರೂ ಬಾಯಿ ಬಿಡಲಿಲ್ಲ.

ಆ ದಿನ ಒಂದು ನಳಿಗೆಯನ್ನು ಮನೆಗೆ ತಂದು ಪೊರಕೆ ಕಡ್ಡಿ ಸೀಳಿ ಒಳಗೆ ತಳ್ಳಿದೆ. ಆಚೆ ಬಾಯಿಂದ ಹಸಿರು ಪುಡಿ ಉದುರಿತು. ನಾಲಿಗೆ ತುದಿಗೆ ಮುಟ್ಟಿಸಿದೆ, ಹುಳಿ. ಅಷ್ಟು ಸಣ್ಣ ತೂತಿನ ಒಳಗೆ ಎರಡು ನೀರು ಎಲ್ಲಿ ಹೋಗುತ್ತದೆ. ಹುಣಸೆ ಅಲ್ಲೇ ನಿಂತು, ಒಣಗಿ, ಕಿಲುಬು ಹಿಡಿದು, ಒಳಗೆ ತೂರಿಸಿದ ಉಕ್ಕಿನ ಕಡ್ಡಿಗೂ ತುಕ್ಕು ಹತ್ತಿಸಿತ್ತು. ದೀಪವಾದರೆ ಬೆರಳು ಒಳಗೆ ಹೋಗುತ್ತದೆ, ಒರೆಸುತ್ತೇವೆ. ಇದಕ್ಕೆ ಕೂದಲು ಹೋದರೆ ಹೆಚ್ಚು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುತ್ತಲೇ ವಿನಯ್ ಕುಮಾರನಿಗೆ ಹೇಳಿದೆ. ತಪ್ಪು ನಂದು, ಹುಡುಗಿಯನ್ನು ಕರೆಸು ಎಂದೆ. ಅವನು ತಲೆ ಎತ್ತದೆ ಹೇಳಿದ:

“ಗೊತ್ತೈತೆ ಅಜ್ಜಿ. ಒಳಗೆ ಕಿಲುಬು ಕಟ್ಟೈತೆ ಅಂತ ಪುಣೆಯೋರೇ ಬರ್ದಿದ್ರು.”

ಮತ್ತೆ ಅವಳನ್ನು ಯಾಕೆ ಕಳಿಸಿದೆ ಎಂದು ಕೇಳಿದೆ.

“ಪುಣೆಯೋರಿಗೆ ಏನಂತ ಬರೀಲಿ? ಪೂಜೆಗೆ ಹುಣಸೆಹಣ್ಣು ಹಚ್ಚಿದ್ವಿ ಅಂತಾನಾ? ನಗ್ತಾರೆ. ತಪ್ಪು ಮಾಡಿದೋರ್ನ ತೆಗ್ದೀವಿ ಅಂದ್ರೆ ಸುಮ್ನಾಗ್ತಾರೆ. ಆಕೆ ಬೇರೆ ಊರೋಳು, ಹೆಂಗೂ ಹೋಗಾಕೆ ಮನಿ ಐತೆ. ಸ್ವಲ್ಪ ದಿನ ತಡ್ಕೊಳ್ರಿ, ನಾನೇ ವಾಪಸ್ ಕರೀತೀನಿ.”

ನಾನು ತಡೆದುಕೊಂಡೆ. ಆ ವಾರವೇ ಒಂದು ಕಾಗದ ಬರೆದಿಟ್ಟೆ, ಸುಳ್ಳು ಹೇಳುವುದಿಲ್ಲ. ನಾನು ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ. ಯಾರಿಗೆ ಎಂದು ಗೊತ್ತಿಲ್ಲದಿದ್ದರೆ ‘ಸಂಬಂಧಪಟ್ಟವರಿಗೆ’ ಎಂದು ಶುರು ಮಾಡಿ ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಹಾಗೇ ಶುರು ಮಾಡಿ ಎರಡು ಪುಟ ಬರೆದು, ರೇಷನ್ ಕಾರ್ಡಿನ ಕವರಿನಲ್ಲಿ ಮಡಚಿಟ್ಟೆ. ಸಂಕ್ರಾಂತಿ ಕಳೆಯಲಿ ಎಂದ ವಿನಯ್ ಕುಮಾರ್. ಕಳೆಯಿತು. ಶಿವರಾತ್ರಿ ಆಗಲಿ ಎಂದ. ಆಯಿತು. ಯುಗಾದಿಯ ಹೊತ್ತಿಗೆ ಅವನು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೀಗೆ ಏಳು ತಿಂಗಳು. ಕಲ್ಲಮ್ಮನ ತಾಳ್ಮೆ ಯಾರಿಗೆ ಬರುತ್ತದೆ ಎಂದು ಊರೆಲ್ಲ ಅನ್ನುವುದನ್ನು ನಾನೂ ಕೇಳಿ ಒಳಗೊಳಗೇ ಹಿಗ್ಗಿದವಳೇ.

ಆ ಫೋನಿನ ದಿನ, ಓರೆಯಾಗಿ ಕೆಟ್ಟ ನಳಿಗೆಯನ್ನು ಕೈಯಲ್ಲೇ ಹಿಡಿದುಕೊಂಡು ಗೋಡೆಯಾಚೆ ಹೋದೆ. ಯಾರ ಫೋನು ಎಂದು ಕೇಳಿದೆ. ದಾವಣಗೆರೆಯಲ್ಲಿ ಹೆಂಗಸರಿಗೆ ಸಣ್ಣ ಕೈಕೆಲಸ ಕಲಿಸುವ ಕೇಂದ್ರವೊಂದು ಶುರುವಾಗುತ್ತಿದೆಯಂತೆ. ಕಲಿಸುವ ಜಾಗಕ್ಕೆ ದುರ್ಗಾಂಬಿಕಾ ಅರ್ಜಿ ಹಾಕಿದ್ದಾಳಂತೆ. ಅವಳು ಮಾಡಿ ತೋರಿಸಿದ ಕೆಲಸ ಅವರಿಗೆ ಹಿಡಿಸಿದೆ. ಹಿಂದೆ ಕೆಲಸ ಮಾಡಿದ ಕಡೆಯಿಂದ ಒಂದು ಮಾತು ಬೇಕು, ಸೋಮವಾರ ತೀರ್ಮಾನ ಎಂದು ಕೇಳಿದರಂತೆ. ಅವತ್ತು ಬುಧವಾರ.

ಈಗಲೇ ಆ ಮನುಷ್ಯನಿಗೆ ಫೋನು ಮಾಡಿ ನಿಜ ಹೇಳು ಎಂದೆ. ಅವನು ಕುರ್ಚಿ ಎಳೆದು ನನ್ನನ್ನು ಕೂರಿಸಿದ, ನೀರು ಕೊಟ್ಟ. ಈಗ ಮಾತು ತಿರುಗಿಸಿದರೆ ತನಗೆ ಏನು ಬೆಲೆ ಎಂದ. ಅವಳಿಗೆ ಬೇರೆ ಏನಾದರೂ ನೋಡೋಣ ಎಂದ. ನಿಮ್ಮ ತಾಳ್ಮೆ ನೋಡಿಯೇ ನಾವೆಲ್ಲ ಕಲಿಯಬೇಕು ಎಂದ.

ನನಗೆ ಮೈಯೆಲ್ಲ ಉರಿಯಿತು. ನೀರಿನ ಲೋಟ ಅವನ ಮೇಜಿನ ಮೇಲೆ ಕುಕ್ಕಿದೆ.

“ಇನ್ನೊಂದು ಸಲ ಆ ಮಾತು ಅಂದ್ರೆ ನಿಮ್ಮಪ್ಪನ ಗೋದಾಮು ಅಂತ ನೋಡಲ್ಲ, ನೋಡು. ಅನ್ನ ಕಿತ್ಕೊಂಡಿದ್ದು ಸಾಲಲಿಲ್ಲ, ಆ ಹುಡುಗಿ ಕೈ ಮ್ಯಾಲೇ ಸುಳ್ಳು ಹೇಳ್ದೆಯಲ್ಲೋ.”

ಅವನೂ ಎದ್ದು ನಿಂತ. ಅವನಿಗೂ ಸಿಟ್ಟು ಬಂದಿತ್ತು, ಆದರೆ ಧ್ವನಿ ಏರಿಸಲಿಲ್ಲ.

“ಬರೀರಿ ಹಂಗಾದ್ರೆ. ನಿಮಗೂ ಬರಿಯಾಕೆ ಬರ್ತೈತಲ್ಲ. ಬರ್ದ್ರೆ ಯಾರ ಹೆಸ್ರು ಬರ್ತೈತೆ ಯೋಚನೆ ಮಾಡೀರಾ? ಹುಣಸೆಹಣ್ಣು ಹಚ್ಚಿದ ಕೈ ನಂದಲ್ಲ ಅಜ್ಜಿ. ಪುಣೆಯೋರಿಗೆ ಗೊತ್ತಾದ್ರೆ ನಿಮ್ಮನ್ನ ಇಲ್ಲಿ ಇಟ್ಕಳಾಕೂ ನನ್ಗೆ ಆಗಲ್ಲ. ಏಳು ತಿಂಗ್ಳು ನೀವೂ ಸುಮ್ನೇ ಇದ್ರಿ. ಯಾಕಿದ್ರಿ?”

ವಾಪಸು ಬಂದು ಮಣೆ ಮೇಲೆ ಕೂತೆ. ಅವನ ಮೇಲಿನ ಸಿಟ್ಟು ಇಳಿಯಲಿಲ್ಲ, ಆದರೆ ಅದರ ಅರ್ಧ ತಿರುಗಿ ನನ್ನ ಕಡೆ ಬಂತು. ಯಾಕಿದ್ದೆ? ಈ ವಯಸ್ಸಿನಲ್ಲಿ ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ, ಕೂರಲು ಒಂದು ಮಣೆ, ನನ್ನದೇ ಒಂದು ಕತ್ತಿ. ನಾಲ್ಕು ಜನ ನನ್ನನ್ನು ನೋಡಿ ಕೆಲಸ ಕಲಿಯುತ್ತಾರೆ ಎಂಬ ಜಂಬ. ಅದು ಹೋದೀತೆಂದು ಹೆದರಿದ್ದೆ. ಹೆದರಿಕೆಗೆ ತಾಳ್ಮೆ ಎಂದು ಹೆಸರಿಟ್ಟುಕೊಂಡು ಏಳು ತಿಂಗಳು ಉಂಡು ಮಲಗಿದ್ದೆ.

ಗುರುವಾರ ಬೆಳಿಗ್ಗೆ ಕೆಲಸಕ್ಕೆ ಹೋಗಲಿಲ್ಲ. ರೇಷನ್ ಕಾರ್ಡಿನ ಕವರಿನಿಂದ ಕಾಗದ ತೆಗೆದು ಚೀಲಕ್ಕೆ ಹಾಕಿದೆ. ಬಸ್ಸಿಗೆ ಕಾಯುವಾಗ ಪ್ರೇಮಮ್ಮ ಸಿಕ್ಕಿ, ಎಲ್ಲಿಗೆ ಎಂದಳು. ಬಿಳಿಚೋಡಿಗೆ ಎಂದೆ. ಅವಳಿಗೆ ಅರ್ಥವಾಯಿತು. ಒದೆ ತಿನ್ನಾಕೆ ಅಷ್ಟು ದೂರ ಹೊಂಟಿರೇನು ಎಂದು ನಕ್ಕಳು. ಆಮೇಲೆ ನಗು ಬಿಟ್ಟು, ನಾನೂ ಅವತ್ತು ಸುಮ್ನೇ ಇದ್ದೆ ಅಂತ ಹೇಳ್ರಿ ಎಂದಳು.

ಕತ್ತಲಗೆರೆ ದಾಟುವ ತನಕ ನಿಂತೇ ಹೋದೆ, ಆಮೇಲೆ ಜಾಗ ಸಿಕ್ಕಿತು. ದಾವಣಗೆರೆಯಲ್ಲಿ ಇಳಿದು ಜಗಳೂರಿನ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ದುರ್ಗಾಂಬಿಕಾಳ ಮುಂದೆ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಅವಳ ಕೈಗೆ ಕಾಗದ ಕೊಡುವುದು, ಅವಳು ಅದನ್ನು ಒಯ್ದು ಕೇಂದ್ರದವರಿಗೆ ತೋರಿಸುವುದು, ಅಲ್ಲಿಗೆ ನನ್ನ ಭಾರ ಇಳಿಯುವುದು. ಹೀಗೆಂದು ನನ್ನ ಲೆಕ್ಕ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವಳ ತಾಯಿ ಚೌಡಕ್ಕ ಅಂಗಳದಲ್ಲಿ ಕುರಿಮರಿಯನ್ನು ತೊಡೆಯ ನಡುವೆ ಹಿಡಿದು ಅದರ ಕಾಲಿನ ಮುಳ್ಳು ಕೀಳುತ್ತಿದ್ದಳು. ನನ್ನನ್ನು ಮೊದಲು ನೋಡಿದ್ದು ಒಂದೇ ಸಲ, ಆದರೆ ಗುರುತು ಹಿಡಿದಳು. ಏಳಲಿಲ್ಲ.

“ಬರ್ರಿ ತಾಳ್ಮೆಯೋರೇ. ಚನ್ನಗಿರಿಯಿಂದ ನಡ್ಕೊಂಡೇ ಬಂದ್ರೇನು, ಏಳು ತಿಂಗ್ಳು ಹಿಡೀತಲ್ಲ?”

ನಾನು ನಿಂತೇ ಇದ್ದೆ. ಅವಳು ಮರಿಯನ್ನು ಬಿಟ್ಟು, ಕೈ ಒರೆಸಿಕೊಂಡು, ಇನ್ನೂ ಹೇಳಿದಳು. ಮಗಳು ಊರಿಗೆ ಬಂದಾಗ ಏನು ಕದ್ದಳೋ ಎಂದು ಜನ ಅಂದರಂತೆ. ಕೆಲಸದ ತಪ್ಪಿಗೆ ಯಾರೂ ಹಾಗೆ ನಿಂತ ಕಾಲಲ್ಲಿ ಕಳಿಸುವುದಿಲ್ಲ, ಬೇರೆ ಏನೋ ಇರಬೇಕು ಎಂದು, ಮದುವೆಗೆ ನಿಶ್ಚಯವಾಗಿದ್ದ ಸಂಬಂಧದವರೂ ಹಿಂದೆ ಸರಿದರಂತೆ. ಇದು ನನಗೆ ಗೊತ್ತಿರಲಿಲ್ಲ. ಕೂರಿ ಎಂದು ಅವಳು ಹೇಳಲಿಲ್ಲ, ನಾನೂ ಕೂರಲಿಲ್ಲ.

ದುರ್ಗಾಂಬಿಕಾ ನೀರಿನ ಕೊಡ ಹೊತ್ತು ಬಂದಳು. ಇಳಿಸಿ ಒಳಗಿಟ್ಟು ಬಂದು, ಏನಜ್ಜಿ ಎಂದಳು. ಬೆಳೆದಿದ್ದಳೋ ಇಳಿದಿದ್ದಳೋ ತಿಳಿಯಲಿಲ್ಲ. ದಾರಿಯಲ್ಲಿ ಜೋಡಿಸಿದ್ದ ಮಾತು ಬಿಟ್ಟು ನೇರ ವಿಷಯಕ್ಕೆ ಬಂದೆ. ಹುಣಸೆಹಣ್ಣಿನ ವಿಷಯ, ವಿನಯ್ ಕುಮಾರನಿಗೆ ಮೊದಲಿಂದ ಗೊತ್ತಿದ್ದದ್ದು, ನಿನ್ನೆಯ ಫೋನು ಎಲ್ಲ ಹೇಳಿದೆ. ಪ್ರೇಮಮ್ಮನ ಮಾತನ್ನೂ ಹೇಳಿದೆ. ಕೊನೆಗೆ ಕಾಗದ ಕೊಟ್ಟೆ.

ಅವಳು ನಿಂತೇ ಓದಿದಳು, ಎರಡೂ ಪುಟ. ಓದುವಾಗ ಕಾಗದ ಒಂಚೂರೂ ಅಲ್ಲಾಡಲಿಲ್ಲ. ಓದಿ ಮುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟಳು.

“‘ನಮ್ಮಲ್ಲಿ ಒಬ್ಬರು ಹುಣಸೆಹಣ್ಣಿನಲ್ಲಿ ತೊಳೆದರು’ ಅಂತ ಬರ್ದೀರಿ. ಆ ಒಬ್ರು ಯಾರಜ್ಜಿ?”

ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಹಾಗೇ ಇತ್ತು. ಬರೆದದ್ದು ನಾನೇ, ಮಡಚಿಟ್ಟದ್ದು ನಾನೇ. ಏಳು ತಿಂಗಳು ನಿಜ ಬರೆದಿಟ್ಟಿದ್ದೇನೆ ಎಂದುಕೊಂಡಿದ್ದೆ. ಆ ನಿಜದ ಒಳಗೂ ನಾನು ಅಡಗಿ ಕೂತಿದ್ದೆ. ಈ ಕಾಗದ ಓದಿದವರು ಆ ಒಬ್ಬರು ಇವಳೇ ಇರಬೇಕು ಎಂದೂ ತಿಳಿಯಬಹುದಿತ್ತು.

“ಕೊಡು, ಹರಿದು ಹಾಕ್ತೀನಿ,” ಎಂದೆ.

“ಹರೀರಿ. ಇನ್ನೊಂದು ಬರೀರಿ. ಬರ್ದು ನನ್ ಕೈಗೆ ಮಾತ್ರ ಕೊಡಬ್ಯಾಡ್ರಿ. ನಾನೇ ತಗೊಂಡು ಹೋದ್ರೆ, ಮುದುಕೀನ ಕಾಡಿ ಬೇಡಿ ಬರೆಸ್ಕೊಂಡು ಬಂದ್ಲು ಅಂತಾರೆ. ನಿಮ್ ಕಡೆಯಿಂದ ಪೋಸ್ಟಿನಾಗೆ ಹೋಗ್ಬೇಕು.”

ಅವಳು ಅಳಲಿಲ್ಲ, ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಕೇಂದ್ರದ ವಿಳಾಸ ಇರುವ ಅವರ ಪತ್ರವನ್ನೂ, ಪುಸ್ತಕದ ನಡುವಿನಿಂದ ಬಿಡಿಸಿದ ಎರಡು ಹಾಳೆಯನ್ನೂ, ಪೆನ್ನನ್ನೂ ತಂದುಕೊಟ್ಟಳು. ಚೌಡಕ್ಕ ಒಂದು ಚೊಂಬು ಮಜ್ಜಿಗೆ ತಂದು ನನ್ನ ಪಕ್ಕದ ಕಟ್ಟೆ ಮೇಲೆ ಇಟ್ಟು, ಮರಿ ಹಿಡಿಯಲು ಹೋದಳು.

ಕಟ್ಟೆ ಮೇಲೆ ಕೂತು ಬರೆದೆ. ಈ ಸಲ ‘ಸಂಬಂಧಪಟ್ಟವರಿಗೆ’ ಎಂದು ಬರೆಯಲಿಲ್ಲ, ಕೇಂದ್ರದ ಮುಖ್ಯಸ್ಥರ ಹೆಸರನ್ನೇ ನೋಡಿ ಬರೆದೆ. ಚನ್ನಗಿರಿಯ ಕಲ್ಲಮ್ಮ ಎಂಬ ನಾನು, ವಯಸ್ಸು ಅರವತ್ತೊಂಬತ್ತು, ಆಯುಧಪೂಜೆಯ ಹಿಂದಿನ ಸಂಜೆ ಆರುನೂರು ನಳಿಗೆಗಳನ್ನು ಯಾರನ್ನೂ ಕೇಳದೆ ಹುಣಸೆಹಣ್ಣು ಮತ್ತು ಉಪ್ಪಿನಲ್ಲಿ ತೊಳೆದೆ. ಅದಕ್ಕೂ ಮೊದಲು ದುರ್ಗಾಂಬಿಕಾ ಅವುಗಳಲ್ಲಿ ತಂತಿ ಜಾರಿಸಿ ನೋಡಿದ್ದಳು, ಕೊನೆಯ ನೂರಕ್ಕೆ ನಾನು ಸಾಕ್ಷಿ. ಕಿಲುಬು ಹಿಡಿದದ್ದು ನನ್ನಿಂದ. ಇದನ್ನು ತಿಳಿದೂ ಮಾಲೀಕರು ಅವಳನ್ನು ತೆಗೆದರು. ತಿಳಿದೂ ನಾನು ಏಳು ತಿಂಗಳು ಸುಮ್ಮನಿದ್ದೆ. ಅವಳ ಕೈಯ ಬಗ್ಗೆ ಬುಧವಾರ ನಿಮಗೆ ಫೋನಿನಲ್ಲಿ ಹೇಳಿದ್ದು ಸುಳ್ಳು. ನಂಬಿಕೆಯಾಗದಿದ್ದರೆ ಅವಳ ಕೈಗೆ ಒಂದು ನಳಿಗೆ ಕೊಟ್ಟು, ಪಕ್ಕದಲ್ಲಿ ನನ್ನನ್ನೂ ಕೂರಿಸಿ ನೋಡಿ.

ಬರೆಯುವಾಗ ಅಕ್ಷರ ದಪ್ಪದಪ್ಪ ಬಂದವು. ಪೆನ್ನು ಎರಡು ಕಡೆ ಹಾಳೆಯನ್ನು ಹರಿಯಿತು. ಸಿಟ್ಟು ಇನ್ನೂ ಹಾಗೇ ಇತ್ತು. ಹಾಳೆ ಬದಲಿಸುತ್ತೇನೆ ಎಂದೆ. ದುರ್ಗಾಂಬಿಕಾ ಬೇಡ, ಓದಾಕೆ ಬರ್ತೈತೆ ಎಂದಳು.

ಅಂಚೆ ಕಚೇರಿ ತನಕ ಅವಳು ನನ್ನ ಜೊತೆ ಬಂದಳು, ಬಾಗಿಲಲ್ಲೇ ನಿಂತಳು. ಒಳಗೆ ಬರಲಿಲ್ಲ. ನನಗೂ ಅದೇ ಸರಿ ಎನಿಸಿತು. ಕೌಂಟರಿನಲ್ಲಿದ್ದವರು ಕವರನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಸ್ಪೀಡ್ ಪೋಸ್ಟಾ? ದಾವಣಗೆರೆಗೆ ನಾಳೆ ಇಲ್ಲ ನಾಡಿದ್ದು ಮುಟ್ತೈತೆ. ಕಳ್ಸೋರು ಯಾರು? ಈ ಯಮ್ಮನಾ?” ಎಂದು ಬಾಗಿಲ ಕಡೆ ಕೈ ತೋರಿಸಿದರು.

“ಅವಳಲ್ಲ. ನಾನು,” ಎಂದೆ. ಪೆನ್ನು ಇಸಿದುಕೊಂಡು ಕವರಿನ ಹಿಂದೆ ನನ್ನ ಹೆಸರು, ಓಣಿ, ಚನ್ನಗಿರಿ, ದಾವಣಗೆರೆ ಜಿಲ್ಲೆ ಎಂದು ಬರೆದೆ. ಅವರು ಅದನ್ನು ಒಮ್ಮೆ ಓದಿ, ಚೀಟಿ ಅಂಟಿಸಿ, ಮುದ್ರೆ ಒತ್ತಿ, ಕವರನ್ನು ಹಿಂದಿದ್ದ ಚೀಲಕ್ಕೆ ಹಾಕಿದರು.